ಸೂಜಿಯ ಹೆಸರಿನ ಬೆಲೆ

ನಮ್ಮ ಜೆಸ್ಟೀನಾ ದೊಡ್ಡಮ್ಮ ಒಂದೇ ಒಂದು ಮಾತೂ ಆಡದೆ ಒಂದು ಹೆಸರಿನ ಬೆಲೆಯನ್ನು ಹತ್ತು ಪಟ್ಟಿಗೂ ಮೇಲೆ ಏರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಿದರೆ ಜನ ನಗುತ್ತಾರೆ. ನಗಲಿ. ಹದಿನೇಳು ವರ್ಷದಿಂದ ಹೋಟೆಲಿನ ಸ್ವಾಗತದ ಮೇಜಿನ ಹಿಂದೆ ನಿಂತವಳು ನಾನು. ವಿಮಾನ ಇಟ್ಟುಕೊಂಡವರು ಕುಡಿಯುವ ನೀರಿನ ಬಾಟಲಿಗೆ ಚೌಕಾಸಿ ಮಾಡುವುದನ್ನೂ ನೋಡಿದ್ದೇನೆ, ಮಾಡಿದ ಚೌಕಾಸಿಗೆ ತಾವೇ ನಾಚಿ ಹೆಚ್ಚು ಕೊಟ್ಟು ಹೋಗುವುದನ್ನೂ ನೋಡಿದ್ದೇನೆ. ಅವರಲ್ಲಿ ಒಬ್ಬರಿಗೂ ದೊಡ್ಡಮ್ಮನ ಕಾಲುಭಾಗ ಗಟ್ಟಿತನ ಇರಲಿಲ್ಲ.

ದೊಡ್ಡಮ್ಮ ಪಂದ್ಯದ ದೋಣಿಗಳಿಗೆ ಹಾಯಿ ಹೊಲಿಯುತ್ತಾಳೆ. ಎಪ್ಪತ್ತೈದು ತುಂಬಿದರೂ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಜೇನುಮೇಣ ತಿಕ್ಕಿದ ದಾರ ಹಿಡಿದು ನೆಲದ ಮೇಲೆ ಕೂತರೆ ಏಳುವುದು ಊಟಕ್ಕೇ. ನಮ್ಮೂರು ಐಲ್ಯಾಂಡ್ ಹಾರ್ಬರಿನ ದಡದಲ್ಲಿ, ದೋಣಿಗಳನ್ನು ಮೇಲಕ್ಕೆ ಎಳೆಯುವ ಜಾಗದ ಪಕ್ಕದಲ್ಲೇ ಆಕೆಯ ಹಾಯಿಮನೆ ಇದೆ. ಮೀನುಗಾರನಾಗಿದ್ದ ಗಂಡ ಬದುಕಿದ್ದಾಗ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ನೀಡಲ್’ ಎಂದು ಬರೆದಿದ್ದ. ಸೂಜಿ ಎಂದಷ್ಟೇ ಅರ್ಥ, ಅದಕ್ಕಿಂತ ಹೆಚ್ಚಿನದೇನೂ ಅವನ ತಲೆಯಲ್ಲಿರಲಿಲ್ಲ. ಆ ಹಾಯಿಮನೆಯ ಉದ್ದನೆಯ ಮರದ ನೆಲದ ಮೇಲೆ ನಾನು ಅಂಬೆಗಾಲಿಟ್ಟಿದ್ದೇನೆ. ಊರಿನ ಅರ್ಧ ಜನ ಇಟ್ಟಿದ್ದಾರೆ.

ಇಪ್ಪತ್ತು ವರ್ಷದ ಹಿಂದೆ, ಇಂಟರ್ನೆಟ್ಟಿನಲ್ಲಿ ಹಾಯಿಮನೆಗೂ ಒಂದು ಪುಟ ಇದ್ದರೆ ಬೇರೆ ದ್ವೀಪಗಳ ದೋಣಿಯವರೂ ಹಾಯಿ ಹೊಲಿಸಲು ಬಂದಾರು ಎಂದು ನಾನೇ ಹಟ ಹಿಡಿದು ದೊಡ್ಡಮ್ಮನ ಹೆಸರಿನಲ್ಲಿ ಒಂದು ವಿಳಾಸ ಕೊಂಡೆ. ಅಲ್ಲಿನ ವಿಳಾಸಗಳಿಗೆ ಕೊನೆಯಲ್ಲಿ ದೇಶದ ಗುರುತಿನ ಎರಡಕ್ಷರ ಇರುತ್ತದಲ್ಲ, ಕೆರಿಬಿಯನ್ ಸಮುದ್ರದ ನಮ್ಮ ಪುಟ್ಟ ದ್ವೀಪ ಅಂಗ್ವಿಲಾದ ಪಾಲಿಗೆ ಬಂದದ್ದು ಎ ಮತ್ತು ಐ. ಹೀಗಾಗಿ ನೀಡಲ್, ಆಮೇಲೆ ಒಂದು ಚುಕ್ಕಿ, ಆಮೇಲೆ ಎ, ಐ. ಎರಡು ವರ್ಷಕ್ಕೊಮ್ಮೆ ಅದಕ್ಕೆ ಹಣ ಕಟ್ಟುವಾಗಲೆಲ್ಲ ದೊಡ್ಡಮ್ಮ ನನ್ನ ಜನ್ಮ ಜಾಲಾಡುತ್ತಿದ್ದಳು. ಬಾಗಿಲ ಮೇಲೆ ಪುಕ್ಕಟೆಯಾಗಿ ಇರುವ ಹೆಸರಿಗೆ ಇನ್ನೊಂದು ಸಲ ದುಡ್ಡು ಯಾಕೆ ಎಂಬುದು ಆಕೆಯ ಪ್ರಶ್ನೆ. ಆ ಪುಟ ನೋಡಿ ಇಪ್ಪತ್ತು ವರ್ಷದಲ್ಲಿ ಬಂದವರು ಇಬ್ಬರು; ಅವರಲ್ಲಿ ಒಬ್ಬ ದಾರಿ ತಪ್ಪಿ ಬಂದವನು.

ಅಷ್ಟರಲ್ಲಿ ಯೋಚನೆ ಮಾಡುವ ಯಂತ್ರಗಳ ಕಾಲ ಬಂತು. ಆ ಯಂತ್ರಗಳಿಗೆ ಜಗತ್ತು ಇಟ್ಟ ಹೆಸರಿನ ಎರಡಕ್ಷರವೂ ನಮ್ಮ ಎರಡಕ್ಷರವೂ ಒಂದೇ ಆಗಿಬಿಟ್ಟಿತು. ಮೀನು, ಉಪ್ಪು, ಬಿಸಿಲು ಬಿಟ್ಟರೆ ಬೇರೇನೂ ಕಾಣದ ನಮ್ಮ ದ್ವೀಪದ ಎರಡಕ್ಷರದ ಬಾಲ ಹಿಡಿಯಲು ದೊಡ್ಡ ದೊಡ್ಡ ಕಂಪನಿಗಳು ಸಾಲುಗಟ್ಟಿದವು. ಮುಟ್ಟಲು ಬಾರದ, ಮೂಸಲು ಬಾರದ ಒಂದು ಪದಕ್ಕೆ ಇಷ್ಟು ಹಣವೇ ಎಂದು ನಾನು ಆಗಲೂ ಬೆರಗಾಗಿದ್ದೆ, ಈಗಲೂ ಆ ಬೆರಗು ಇಳಿದಿಲ್ಲ.

ಹೋದ ವರ್ಷ ಮೇ ತಿಂಗಳ ಮೂರನೇ ತಾರೀಖು ಇಂಗ್ಲೆಂಡಿನ ಸ್ಲೌ ಪಟ್ಟಣದಿಂದ ಆಲ್ವಿನ್ ಫೋನ್ ಮಾಡಿದ. ಆಲ್ವಿನ್ ದೊಡ್ಡಮ್ಮನ ಗಂಡನ ಅಣ್ಣನ ಮಗ. ಹಾಯಿಮನೆ ದೊಡ್ಡಮ್ಮನದ್ದಾದರೂ ಅದು ನಿಂತ ಜಮೀನು ಅವನ ಹೆಸರಿನಲ್ಲಿತ್ತು. ಒಬ್ಬ ವಿಲ್ಲಾ ಕಟ್ಟುವವನು ಆ ಜಾಗಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್ ಕೊಡುತ್ತೇನೆ ಎಂದಿದ್ದನಂತೆ. ಮನೆಯವರು ಅದೇ ಬೆಲೆ ಕೊಟ್ಟರೆ ಮನೆಯವರಿಗೇ ಕೊಡುತ್ತೇನೆ, ಗಡುವು ಮೂವತ್ತೊಂದನೇ ತಾರೀಖು ಎಂದ. ಅವನು ಕೆಟ್ಟವನಲ್ಲ, ಅಳುತ್ತಲೇ ಹೇಳಿದ. ದೊಡ್ಡಮ್ಮ ಅವನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿ ಫೋನ್ ಇಟ್ಟಳು, ಮತ್ತೆ ಸೂಜಿ ಹಿಡಿದಳು. ಆಗಸ್ಟ್ ಪಂದ್ಯಕ್ಕೆ ಮೂರು ಹಾಯಿ ಬಾಕಿ ಇದ್ದವು. ನಮ್ಮ ಹತ್ತಿರ ಎಲ್ಲ ಸೇರಿಸಿದರೂ ಹನ್ನೊಂದು ಸಾವಿರ ಆಗುತ್ತಿರಲಿಲ್ಲ.

ಅದಾಗಿ ಎರಡೇ ದಿನಕ್ಕೆ ನನ್ನ ಫೋನಿಗೆ ಮೊದಲ ಇಮೇಲ್ ಬಂತು. ಬರೆದವನು ಪ್ರೆಸ್ಕಾಟ್ ಎಂಬ ದಲ್ಲಾಳಿ, ಅಮೆರಿಕದವನು. ನಾನು ಹೋಟೆಲಿನ ಉಡುಪಿನಲ್ಲೇ ಹಾಯಿಮನೆಗೆ ಓಡಿ, ಏದುಸಿರು ಬಿಡುತ್ತ ಓದಿದೆ. ತನ್ನ ಗ್ರಾಹಕರೊಬ್ಬರಿಗೆ ಈ ವಿಳಾಸ ಬೇಕಾಗಿದೆ, ಹದಿನೆಂಟು ಸಾವಿರ ಡಾಲರ್ ಕೊಡುತ್ತಾರೆ, ಒಪ್ಪಿಗೆ ತಿಳಿಸಬೇಕು. ಇಷ್ಟೇ ಇದ್ದದ್ದು.

ದೊಡ್ಡಮ್ಮ ತಲೆ ಎತ್ತಲಿಲ್ಲ. “ಮೊದಲ್ನೇ ಸಾಲಲ್ಲಿ ಏನ್ ಬರ್ದಿದಾನೆ?” ಎಂದಳು.

“ಅದೇ, ನಾನು ಒಬ್ರು ಗ್ರಾಹಕರ ಪರವಾಗಿ ಬರೀತಿದೀನಿ ಅಂತ.”

“ಗುಡ್ ಮಾರ್ನಿಂಗ್ ಇಲ್ವಾ?”

“ಇಲ್ಲ.”

“ಹಾಗಾದ್ರೆ ಯಾರೂ ಬಂದಿಲ್ಲ,” ಎಂದು ದೊಡ್ಡಮ್ಮ ದಾರ ಕಡಿದಳು.

ಇದು ತಮಾಷೆಯಲ್ಲ. ನಮ್ಮಲ್ಲಿ ಅಂಗಡಿಗೆ ಹೋಗಲಿ, ಬಸ್ಸು ಹತ್ತಲಿ, ಆಸ್ಪತ್ರೆಯ ಸಾಲಿನಲ್ಲಿ ಕೂರಲಿ, ಬಾಗಿಲಲ್ಲಿ ನಿಂತು ಇದ್ದವರಿಗೆಲ್ಲ ಹೊತ್ತಿಗೆ ತಕ್ಕ ನಮಸ್ಕಾರ ಹೇಳಿಯೇ ಒಳಗೆ ಬರಬೇಕು. ಹೇಳದವನು ಬಂದರೂ ಬಂದ ಹಾಗಲ್ಲ. ಆದರೆ ಇದನ್ನು ದೊಡ್ಡಮ್ಮನಷ್ಟು ಕಟ್ಟುನಿಟ್ಟಾಗಿ ಹಿಡಿದವರನ್ನು ನಾನು ಕಂಡಿಲ್ಲ. ಒಮ್ಮೆ ಒಬ್ಬ ಪ್ರವಾಸಿ ನೇರ ಒಳಗೆ ನುಗ್ಗಿ ಹಾಯಿಯ ಬೆಲೆ ಕೇಳಿದಾಗ, ಆಕೆ ಅವನ ಮೂಲಕ ಸಮುದ್ರ ಕಾಣುತ್ತಿದೆಯೋ ಎಂಬಂತೆ ನೋಡುತ್ತ ಕೂತಿದ್ದಳು. ಅವನು ಪಾಪ ಕೆಮ್ಮಿದ, ಕೈ ಬೀಸಿದ, ಕೊನೆಗೆ ಹೆದರಿ ಹೊರಟೇ ಹೋದ.

ಆದರೂ ಇಮೇಲಿಗೂ ಈ ನಿಯಮವೇ? ನಾನು ವಾದ ಮಾಡಿದೆ. ಅಮೆರಿಕದವರು ಬರೆಯುವುದೇ ಹೀಗೆ ಎಂದೆ. ಮನೆಗೆ ಕಾಗದ ಬಂದರೂ ಮನುಷ್ಯ ಬಂದ ಹಾಗೇ ಎಂದು ಆಕೆಯ ಉತ್ತರ. ನಾನೇ ಉತ್ತರ ಬರೆಯಲೇ ಎಂದು ಕೇಳಿದೆ. ಬಾರದವನಿಗೆ ಏನೆಂದು ಬರೆಯುತ್ತೀಯ ಎಂದಳು. ನಾನು ಕೈ ಕೈ ಹಿಸುಕಿಕೊಂಡು ವಾಪಸ್ ಹೋದೆ.

ಹತ್ತನೇ ತಾರೀಖು ಎರಡನೆಯದು ಬಂತು. ನಲವತ್ತು ಸಾವಿರ. ಗುಡ್ ಮಾರ್ನಿಂಗ್ ಇಲ್ಲ. ಹದಿನಾಲ್ಕಕ್ಕೆ ಎಪ್ಪತ್ತೈದು ಸಾವಿರ. ‘ನಿಮ್ಮ ಮೌನ ನನಗೆ ಅರ್ಥವಾಗುತ್ತದೆ’ ಎಂದು ಸೇರಿಸಿದ್ದ. ಅರ್ಥವಾಗಿದ್ದರೆ ಗುಡ್ ಮಾರ್ನಿಂಗ್ ಎಂಬ ಎರಡು ಪದ ಖರ್ಚಾಗುತ್ತಿತ್ತು, ಸಾವಿರಗಟ್ಟಲೆ ಡಾಲರ್ ಉಳಿಯುತ್ತಿತ್ತು. ಹತ್ತೊಂಬತ್ತಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಪ್ರತಿ ಸಲವೂ ನಾನು ಓಡಿಬಂದು ಓದುವುದು, ದೊಡ್ಡಮ್ಮ ಮೊದಲ ಸಾಲು ಕೇಳುವುದು, ಯಾರೂ ಬಂದಿಲ್ಲ ಎಂದು ಹೊಲಿಗೆಗೆ ಬಗ್ಗುವುದು. ನನ್ನ ಮೂರು ವರ್ಷದ ಸಂಬಳಕ್ಕಿಂತ ಹೆಚ್ಚಿನ ಹಣವನ್ನು ಆಕೆ ನೊಣ ಓಡಿಸಿದಷ್ಟು ಸಲೀಸಾಗಿ ಓಡಿಸುತ್ತಿದ್ದಳು. ಸಿಟ್ಟು ಬಂದಾಗಲೆಲ್ಲ ಆಕೆಯ ಮುಖ ನೋಡುತ್ತಿದ್ದೆ. ಆ ಮುಖದಲ್ಲಿ ಆಸೆಯೂ ಇಲ್ಲ, ಆಟವೂ ಇಲ್ಲ. ನಿಜವಾಗಿಯೂ ಆಕೆಯ ಪಾಲಿಗೆ ಯಾರೂ ಬಂದಿರಲಿಲ್ಲ.

ಇಪ್ಪತ್ತಮೂರಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಬಂದಾಗ ನಾನು ನೇರ ಕೇಳಿಯೇಬಿಟ್ಟೆ, ಈ ನೆಲ ಹೋದರೂ ಪರವಾಗಿಲ್ಲವೇ ಎಂದು. ದೊಡ್ಡಮ್ಮ ಸೂಜಿ ಕೆಳಗಿಟ್ಟು ನೆಲದ ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. ಆಕೆಯ ಕಣ್ಣಲ್ಲಿ ನೀರು ನಿಂತಿತ್ತು. ನಾನು ಹಿಂದೆಂದೂ ನೋಡಿರದ ನೀರು.

“ಹೋದ್ರೆ ಸಾಯೋವಷ್ಟು ದುಃಖ ಆಗತ್ತೆ ಆರ್ಲೀನ್,” ಎಂದಳು. “ಆದ್ರೆ ನಂಗೆ ಗೊತ್ತಿಲ್ದೋರಿಗೆ ನನ್ ಗಂಡ ಬರ್ದಿದ್ ಹೆಸರು ಕೊಡಕ್ಕೆ ಕೈ ಬರಲ್ಲ. ಯಾರಾದ್ರೂ ಬರ್ಲಿ. ಬಂದ್ರೆ ಮಾತಾಡ್ತೀನಿ.”

ಇಪ್ಪತ್ತೆಂಟನೇ ತಾರೀಖು, ಶುಕ್ರವಾರ, ಆರನೆಯದು ಬಂತು. ಎರಡು ಲಕ್ಷ ಹತ್ತು ಸಾವಿರ. ಇದೇ ಕೊನೆಯ ಮಾತು, ನಲವತ್ತೆಂಟು ಗಂಟೆಯಲ್ಲಿ ಉತ್ತರ ಬರದಿದ್ದರೆ ಗ್ರಾಹಕರು ಬೇರೆ ಹೆಸರು ನೋಡಿಕೊಳ್ಳುತ್ತಾರೆ. ಈ ಸಲ ಹಾಯಿಮನೆಗೆ ಓಡಲಿಲ್ಲ. ಹೋಟೆಲಿನ ಹಿಂಬದಿಯಲ್ಲಿ, ಒಗೆದ ಹಾಸಿಗೆ ಬಟ್ಟೆಗಳ ರಾಶಿಯ ನಡುವೆ ನಿಂತು, ದೊಡ್ಡಮ್ಮನಿಗೆ ಹೇಳದೆ ಪ್ರೆಸ್ಕಾಟ್‌ಗೆ ಫೋನ್ ಮಾಡಿದೆ. ಗುಡ್ ಆಫ್ಟರ್‌ನೂನ್ ಎಂದೆ. ಅವನು ನೇರವಾಗಿ, ನೀವು ಎಷ್ಟು ಎಂದು ಯೋಚಿಸಿದ್ದೀರಿ ಎಂದ.

“ಎರಡೂವರೆ ಲಕ್ಷ. ದೊಡ್ಡಮ್ಮನ ಪರವಾಗಿ ಹೇಳ್ತಿದೀನಿ.”

“ಆಯ್ತು,” ಎಂದ ಅವನು.

ಅಷ್ಟು ಬೇಗ ಯಾರಾದರೂ ‘ಆಯ್ತು’ ಎನ್ನುತ್ತಾರೆಯೇ? ನನ್ನ ಮಾತು ಮುಗಿಯುವ ಮೊದಲೇ ಅಂದಿದ್ದ. ಹೋಟೆಲಿನಲ್ಲಿ ಕೋಣೆಯ ಬಾಡಿಗೆ ಕೇಳಿದೊಡನೆ ಒಪ್ಪಿದವರನ್ನು ಕಂಡು, ಅಯ್ಯೋ ಇನ್ನೂ ಹೇಳಬಹುದಿತ್ತು ಎಂದು ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿಲ್ಲ ನಾನು! ನನ್ನ ವಿದ್ಯೆಯೆಲ್ಲ ನನ್ನ ಸರದಿ ಬಂದಾಗ ಮಣ್ಣುಪಾಲಾಯಿತು. ಸೋಮವಾರ ಕಾಗದ ಕಳಿಸುತ್ತೇನೆ, ಮಾತು ಮಾತೇ ತಾನೇ ಎಂದು ಕೇಳಿದ. ಮಾತೇ ಎಂದೆ. ನೆಲ ಉಳಿಯಿತು ಎಂಬ ಸಮಾಧಾನವೂ ಬಂತು, ದೊಡ್ಡಮ್ಮನಿಗೆ ಹೇಗೆ ಹೇಳಲಿ ಎಂಬ ಚಿಂತೆಯೂ ಹತ್ತಿತು.

ಶನಿವಾರ ಬೆಳಿಗ್ಗೆ ರಜೆ ಹಾಕಿ ಹಾಯಿಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ದೊಡ್ಡಮ್ಮ ಹನ್ನೊಂದು ಹೊಲಿಗೆ ಹಾಕಿ ದಾರಕ್ಕೆ ಗಂಟು ಬಿಗಿದಳು. ನಾನು ಎಣಿಸಿದೆ, ಬೇರೇನು ಮಾಡಲಿ.

“ನನ್ ಹೆಸ್ರಲ್ಲಿ ಮಾತು ಕೊಟ್ಯಾ?”

“ಹೂಂ.”

“ಅವ್ನು ಗುಡ್ ಆಫ್ಟರ್‌ನೂನ್ ಅಂದ್ನಾ?”

“ನಾನಂದೆ. ಅವ್ನು ಅನ್ಲಿಲ್ಲ.”

“ಅಂದ್ರೆ ಇಲ್ದೇ ಇರೋನಿಗೆ ಮಾರ್ಬಿಟ್ಟೆ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ದಾರಕ್ಕೆ ಮೇಣ ತಿಕ್ಕುತ್ತ ಕೂತೆ.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಮೂಗು, ಹೆಗಲಿಗೆ ಬಟ್ಟೆಯ ಚೀಲ. ಹೊಸ್ತಿಲು ದಾಟದೆ, “ಗುಡ್ ಮಾರ್ನಿಂಗ್,” ಎಂದಳು. ಎಂದು ಅಲ್ಲೇ ನಿಂತಳು.

ದೊಡ್ಡಮ್ಮ ತಲೆ ಎತ್ತಿದಳು. “ಗುಡ್ ಮಾರ್ನಿಂಗ್. ರಾತ್ರಿ ನಿದ್ದೆ ಬಂತಾ?”

“ವಿಮಾನದಲ್ಲಿ ಕೂತೇ ಕಳ್ದೆ. ನಿಮ್ಗೆ ಬಂತಾ?”

“ವಯಸ್ಸಾದೋರಿಗೆ ಎಷ್ಟು ಬರ್ಬೇಕೋ ಅಷ್ಟು. ಚಪ್ಪಲಿ ಬಿಟ್ಟು ಬಾ.”

ಆಕೆ ಚಪ್ಪಲಿ ಬಿಟ್ಟು, ನೆಲದ ತುಂಬ ಹರಡಿದ ಹಾಯಿಯ ಮೇಲೆ ಕಾಲಿಡದೆ ಗೋಡೆಯಂಚಿನಲ್ಲಿ ಸುತ್ತಿ ಬಂದು ನೆಲದ ಮೇಲೇ ಕೂತಳು. ಹೆಸರು ಹನ್ನೆಕೆ, ಹಾಲೆಂಡಿನವಳು. ಅಜ್ಜಿ ನಮ್ಮದೇ ಸಮುದ್ರದ ಕುರಸಾವ್ ದ್ವೀಪದವಳಂತೆ. ನನಗೆ ಆಗ ತಿಳಿಯಿತು ಬಾಗಿಲಲ್ಲಿ ನಿಲ್ಲುವುದನ್ನು ಯಾರು ಕಲಿಸಿರಬೇಕೆಂದು. ದೊಡ್ಡಮ್ಮ ಎಣ್ಣೆಯಲ್ಲಿ ಕರಿದ ಜಾನಿಕೇಕು ರೊಟ್ಟಿ, ಉಪ್ಪುಮೀನು ಕೊಟ್ಟಳು. ಹಾಯಿಯ ಮಾತಾಯಿತು, ಗಾಳಿಯ ಮಾತಾಯಿತು, ಇಬ್ಬರ ಗತಿಸಿದ ಹಿರಿಯರ ಮಾತಾಯಿತು. ಅರ್ಧ ಗಂಟೆಯಾದ ಮೇಲೆ ತಾನು ಯಾರೆಂದು ಹೇಳಿದಳು. ಪ್ರೆಸ್ಕಾಟನ ಗ್ರಾಹಕಿ ಈಕೆಯೇ. ಆಸ್ಪತ್ರೆಗಳ ಕಾಗದದ ಬೆಟ್ಟದಲ್ಲಿ, ರೋಗಿಯ ಜೀವ ಉಳಿಸುವ ಒಂದೇ ಒಂದು ಸಾಲನ್ನು ಹುಡುಕಿ ತೆಗೆಯುವ ಯಂತ್ರ ಈಕೆಯ ಕಂಪನಿಯದ್ದು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವ ಕೆಲಸ ಅದು, ಅದಕ್ಕೇ ಸೂಜಿ ಎಂಬ ಹೆಸರೇ ಬೇಕು, ಬೇರೆ ಯಾವುದೂ ಒಪ್ಪುತ್ತಿಲ್ಲ ಎಂದಳು. ಬಾಗಿಲ ಮೇಲಿನ ಹೆಸರು ಬಾಗಿಲ ಮೇಲೇ ಇರಲಿ, ಅದನ್ನು ಯಾರೂ ಮುಟ್ಟುವುದಿಲ್ಲ ಎಂದೂ ತಾನಾಗಿಯೇ ಹೇಳಿದಳು.

“ನಮ್ ದಲ್ಲಾಳಿ ಹೇಳ್ತಿದ್ದ, ಹದಿನೆಂಟು ವರ್ಷದಲ್ಲಿ ನಿಮ್ಮಷ್ಟು ಗಟ್ಟಿ ಮನುಷ್ಯರ್ನ ಕಂಡಿಲ್ವಂತೆ,” ಎಂದು ನಕ್ಕಳು. “ನಂಗೆ ಚೌಕಾಸಿ ಬರಲ್ಲ ಅಮ್ಮ. ನಿನ್ನೆ ಬೆಳಿಗ್ಗೆ ಮನೆ ಬಿಟ್ಟಿದ್ದು, ಫೋನ್ ಕೂಡ ಸತ್ತೋಗಿದೆ. ಒಂದೊಂದೇ ಮೆಟ್ಲು ಹತ್ತೋ ಬದ್ಲು ನನ್ ಹತ್ರ ಇರೋದನ್ನೇ ಹೇಳ್ಬಿಡ್ತೀನಿ. ಕಂಪನಿ ಏಳು ಲಕ್ಷದ ತನಕ ಹೋಗು ಅಂದಿದೆ. ಏಳು ಲಕ್ಷಕ್ಕೆ ಕೊಡ್ತೀರಾ?”

ಚೀಲದಿಂದ ಒಪ್ಪಂದದ ಕಾಗದ ತೆಗೆದು ಹಾಯಿಯ ಪಕ್ಕ ಇಟ್ಟಳು. ಮೊತ್ತದ ಜಾಗ ಖಾಲಿ ಇತ್ತು.

ಏಳು ಲಕ್ಷ. ಹೊರಗೆ ಅಲೆಯ ಸದ್ದು ಕೇಳಿಸುತ್ತಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಬಾಗಿಲ ಮೇಲೆ ಒಬ್ಬ ಮೀನುಗಾರ ಉಳಿದ ಬಣ್ಣದಲ್ಲಿ ಬರೆದ ಒಂದು ಪದ, ನಾನು ಹಟ ಹಿಡಿದು ಅದಕ್ಕೆ ಅಂಟಿಸಿದ ಒಂದು ಬಾಲ, ಅದಕ್ಕೆ ಏಳು ಲಕ್ಷ. ಈ ಜಮೀನಿನಂಥ ಎರಡು ಜಮೀನು ಕೊಂಡ ಮೇಲೂ ಮಿಗುವಷ್ಟು. ಈ ಹೆಂಗಸಿಗೆ ನಿನ್ನೆಯ ಫೋನಿನ ಸುದ್ದಿಯೇ ತಲುಪಿಲ್ಲ ಎಂದು ಮರುಕ್ಷಣ ಹೊಳೆಯಿತು. ಬರವಣಿಗೆ ಇಲ್ಲ, ಸಹಿ ಇಲ್ಲ. ವಿಳಾಸ ದೊಡ್ಡಮ್ಮನ ಹೆಸರಿನಲ್ಲಿದೆ, ಮಾತು ಕೊಟ್ಟವಳು ನಾನು. ನನ್ನ ಮಾತಿಗೆ ಕಾನೂನಿನಲ್ಲಿ ಕವಡೆ ಕಾಸಿನ ಬೆಲೆ ಇಲ್ಲ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ತಲೆಯಲ್ಲಿ ಓಡಿತು. ನನ್ನ ತಲೆ ಅಷ್ಟು ಚುರುಕು ಎಂದು ನನಗೇ ಗೊತ್ತಿರಲಿಲ್ಲ.

ದೊಡ್ಡಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು. “ಬೆಲೆ ಮಾತಾಡಿರೋಳು ಇವ್ಳು,” ಎಂದಳು. “ಹೇಳು ಆರ್ಲೀನ್. ನೀನೇ ಹೇಳ್ಬೇಕು.”

ಆಕೆ ನನ್ನ ಕಡೆ ಸನ್ನೆ ಮಾಡಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಏನು ಹೇಳಿದರೂ ಅದಕ್ಕೆ ಸಹಿ ಹಾಕುತ್ತಾಳೆ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಅದೇ ನನ್ನನ್ನು ಹೆದರಿಸಿತು. ಬೈದು ಬಾಯಿ ಮುಚ್ಚಿಸಿದ್ದರೆ ನಾನು ಪಾರಾಗುತ್ತಿದ್ದೆ. ಇಡೀ ಹಾಯಿಮನೆ, ಏಳು ಲಕ್ಷ, ಆಕೆಯ ಎಪ್ಪತ್ತೈದು ವರ್ಷದ ಹೆಸರು, ಎಲ್ಲವನ್ನೂ ನನ್ನ ನಾಲಿಗೆಯ ತುದಿಗೆ ತಂದಿಟ್ಟು ಆಕೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ನಾನು ಅವತ್ತು ಮೊದಲ ಸಲ ಆಕೆಯನ್ನು ಕಂಡವಳಂತೆ ನೋಡಿದೆ.

“ನಿನ್ನೆ ಮಧ್ಯಾಹ್ನ ನಿಮ್ ದಲ್ಲಾಳಿಗೆ ಎರಡೂವರೆ ಲಕ್ಷಕ್ಕೆ ಮಾತು ಕೊಟ್ಟಿದೀನಿ,” ಎಂದೆ. “ಅವ್ರು ಒಪ್ಪಿದಾರೆ. ಬೆಲೆ ಅದೇ.”

ಹನ್ನೆಕೆ ನನ್ನನ್ನು ನೋಡಿದಳು, ದೊಡ್ಡಮ್ಮನನ್ನು ನೋಡಿದಳು, ಖಾಲಿ ಜಾಗವನ್ನು ನೋಡಿದಳು. ನನಗೆ ಇದು ಗೊತ್ತೇ ಇರಲಿಲ್ಲ, ನೀವು ಸುಮ್ಮನಿದ್ದಿದ್ದರೆ ನಾನು ಏಳು ಎಂದೇ ಬರೆಯುತ್ತಿದ್ದೆ ಎಂದಳು. ಗೊತ್ತು ಎಂದೆ. ಆಕೆ ಚೀಲದಿಂದ ಪೆನ್ನು ತೆಗೆದಳು.

“ಈ ದುಡ್ಡು ನನ್ನೊಬ್ಬಳದ್ದಲ್ಲ. ಆಗಿದ್ದಿದ್ರೆ...” ಎಂದಳು.

“ನಾವು ಕೇಳ್ಲಿಲ್ವಲ್ಲ,” ಎಂದಳು ದೊಡ್ಡಮ್ಮ. “ಬರಿ ಮಗಳೇ, ಮೀನು ಆರೋಗ್ತಿದೆ.”

ಎರಡೂವರೆ ಲಕ್ಷ ಎಂದು ಬರೆದಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಅಂಗೈಯ ಚರ್ಮದ ಪಟ್ಟಿಯನ್ನು ಬಿಚ್ಚದೆಯೇ ಸಹಿ ಮಾಡಿದಳು. ಹನ್ನೆಕೆ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು, ಬಾಗಿಲಲ್ಲಿ ನಿಂತು ಹೋಗಿಬರುತ್ತೇನೆ ಎಂದು ಹೇಳಿ, ದೊಡ್ಡಮ್ಮ ಹೂಂ ಎಂದ ಮೇಲೇ ಹೋದಳು.

ಅವಳು ಹೋದ ಮೇಲೆ ನನಗೆ ಅಳು ಒತ್ತರಿಸಿ ಬಂತು. ನಾಲ್ಕೂವರೆ ಲಕ್ಷವನ್ನು ನನ್ನ ಒಂದು ಮಧ್ಯಾಹ್ನದ ಆತುರ ನುಂಗಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ದೊಡ್ಡಮ್ಮ ಕೈಯೆತ್ತಿ ತಡೆದಳು.

“ಸ್ಲೌಗೆ ಫೋನ್ ಹಚ್ಚು. ಜಾಗಕ್ಕೆ ದುಡ್ಡು ಆಯ್ತು, ಕಾಗದ ರೆಡಿ ಮಾಡ್ಸು ಅಂತ ಆಲ್ವಿನ್‌ಗೆ ಹೇಳು,” ಎಂದಳು.

“ಹೇಳ್ತೀನಿ.”

“ಜಮೀನು ನಿನ್ ಹೆಸ್ರಿಗೆ ಬರೀಲಿ ಅನ್ನು.”

ನಾನು ಕಣ್ಣು ಕಣ್ಣು ಬಿಟ್ಟೆ. ನನ್ನ ಹೆಸರಿಗೇ ಎಂದು ಕೇಳಿದೆನೋ, ಕೇಳಿದೆ ಎಂದುಕೊಂಡೆನೋ.

“ಮತ್ತೆ ಯಾರ ಹೆಸ್ರಿಗೆ? ನಂಗೆ ಮಕ್ಳಿಲ್ಲ. ನನ್ನಾದ್ಮೇಲೆ ಈ ನೆಲ ಯಾರ ಕೈಗೆ ಹೋಗತ್ತೋ ಅಂತ ಎಷ್ಟೋ ವರ್ಷದಿಂದ ನಿದ್ದೆ ಬರ್ತಿರ್ಲಿಲ್ಲ,” ಎಂದಳು ದೊಡ್ಡಮ್ಮ. ಆಮೇಲೆ ನನ್ನ ತಲೆಯ ಮೇಲೆ ಮೆತ್ತಗೆ ಒಂದು ಏಟು ಕೊಟ್ಟಳು. “ನಾಲ್ಕೂವರೆ ಲಕ್ಷದ ಪೆದ್ದಿ. ಅಳ್ಬೇಡ, ಹಾಯಿ ಒದ್ದೆ ಆಗತ್ತೆ.”

ನಾನು ಕಣ್ಣೊರೆಸಿಕೊಂಡು, ಹಾಯಿಯಿಂದ ಒಂದು ಮಾರು ದೂರ ಸರಿದು ಕೂತು, ಆಲ್ವಿನ್‌ಗೆ ಫೋನ್ ಹಚ್ಚಿದೆ.